ಹೊಡೆತ ಬೀಳುವ ಮೊದಲೇ

ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ 2019–21ರ ಸುತ್ತಿನಲ್ಲಿ, ಮದುವೆಯಾದ 18ರಿಂದ 49ರ ವಯಸ್ಸಿನ ಕರ್ನಾಟಕದ ಮಹಿಳೆಯರಲ್ಲಿ ಶೇ 44.4ರಷ್ಟು ಮಂದಿ ಗಂಡನಿಂದ ಹಿಂಸೆ ಅನುಭವಿಸಿದ್ದಾಗಿ ಹೇಳಿದರು. ಹಿಂದಿನ ಸುತ್ತಿನಲ್ಲಿ ಇದು ಶೇ 20.6 ಇತ್ತು. ಹಿಂಸೆಯೇ ಹೆಚ್ಚಿತೋ, ಹೇಳಿಕೊಳ್ಳುವ ಧೈರ್ಯ ಹೆಚ್ಚಿತೋ? ಎರಡೂ ಇರಬಹುದು. ನನ್ನನ್ನು ಕಾಡುವುದು ಬೇರೆ: ಈ ಅಂಕಿಯಲ್ಲಿ ಸೇರಿರುವುದು ದೈಹಿಕ, ಲೈಂಗಿಕ ಹಿಂಸೆ ಮಾತ್ರ. ನಾಲ್ಕು ಜನರೆದುರು ಹೀಯಾಳಿಸುವುದು, ಬೆದರಿಸುವುದು ಇದರಲ್ಲಿಲ್ಲ. ಸಮೀಕ್ಷೆ ಅದನ್ನು ಬೇರೆಯಾಗಿ ಕೇಳುತ್ತದಾದರೂ ಸುದ್ದಿಯಾಗುವ ಅಂಕಿಯಿಂದ ಅದು ಹೊರಗುಳಿಯುತ್ತದೆ.

ನಮ್ಮ ಮನೆಗಳಲ್ಲೂ ಇದೇ ಲೆಕ್ಕ. ‘ಹೊಡೆದಿಲ್ಲವಲ್ಲ, ಬೈದರೆ ಏನಾಯ್ತು, ಹೊಂದಿಕೊಂಡು ಹೋಗಮ್ಮ’ ಎಂದು ಹಿರಿಯರು ಮಗಳನ್ನು ವಾಪಸು ಕಳಿಸುತ್ತಾರೆ. ಆದರೆ ಕೈ ಏಳುವ ಹೊತ್ತಿಗೆ ಬಹಳಷ್ಟು ನಡೆದುಹೋಗಿರುತ್ತದೆ. ಫೋನು ತಪಾಸಣೆಯಾಗುತ್ತದೆ, ತವರಿಗೆ ಹೋಗಿಬರುವುದು ನಿಲ್ಲುತ್ತದೆ, ಅವಳ ಸಂಬಳದ ಎಟಿಎಂ ಕಾರ್ಡು ಅವನ ಜೇಬು ಸೇರುತ್ತದೆ. ಮೊದಲ ಏಟು ಬಿದ್ದಾಗ ಯಾರಿಗೆ ಹೇಳಲಿ ಎಂದರೆ ಯಾರೂ ಉಳಿದಿರುವುದಿಲ್ಲ. ಹಿಂಸೆಗೊಳಗಾದವರಲ್ಲಿ ನೆರವು ಕೋರಿದವರು ದೇಶದಲ್ಲಿ ಶೇ 14 ಮಾತ್ರ ಎಂದು ಅದೇ ಸಮೀಕ್ಷೆ ಹೇಳುತ್ತದೆ. ಅದಕ್ಕೆ ಈ ಒಂಟಿತನವೂ ಒಂದು ಕಾರಣವೆಂದು ನಾನು ನಂಬುತ್ತೇನೆ. ಹೊಡೆತವಿಲ್ಲದ ಈ ಹಿಂಸೆಯನ್ನು ಕಾನೂನು ಎಂದೋ ಗುರುತಿಸಿದೆ. 2005ರ ಕೌಟುಂಬಿಕ ಹಿಂಸೆ ತಡೆ ಕಾಯ್ದೆಯ 3ನೇ ಸೆಕ್ಷನ್ ಮಾತಿನ, ಭಾವನಾತ್ಮಕ, ಆರ್ಥಿಕ ಹಿಂಸೆಯನ್ನೂ ಹಿಂಸೆ ಎಂದೇ ಕರೆಯುತ್ತದೆ. ಗಂಡು ಮಗು ಹೆರಲಿಲ್ಲವೆಂದು ಚುಚ್ಚುವುದೂ ಅದರಲ್ಲಿ ಸೇರಿದೆ.

ಮನಸ್ಸಿನ ಗಾಯಕ್ಕೆ ಸಾಕ್ಷಿ ಎಲ್ಲಿ ಎಂಬ ಆಕ್ಷೇಪ ನ್ಯಾಯವಾದದ್ದೇ. ಒಂದು ದಿನದ ಜಗಳವನ್ನು ಹಿಡಿದು ಏನನ್ನೂ ಸಾಬೀತು ಮಾಡಲಾಗದು, ಮಾಡಲೂ ಬಾರದು. ಸ್ಕಾಟ್ಲೆಂಡಿನ 2018ರ ಕೌಟುಂಬಿಕ ಹಿಂಸೆಯ ಕಾನೂನು ನೋಡುವುದು ಮರುಕಳಿಸುವ ನಡವಳಿಕೆಯನ್ನು. ಅದಕ್ಕೆ ಮೆಸೇಜುಗಳು, ಬ್ಯಾಂಕ್ ಲೆಕ್ಕ, ನೆರೆಯವರ ಮಾತು ಸಾಕ್ಷಿಯಾಗಬಲ್ಲವು. ದುರುಪಯೋಗವಾಗುತ್ತದೆ ಎನ್ನುವವರು ಇನ್ನೊಂದನ್ನು ಗಮನಿಸಬೇಕು: 2005ರ ಕಾಯ್ದೆ ದೂರು ಬಂದ ಕೂಡಲೇ ಗಂಡನನ್ನು ಬಂಧಿಸುವ ಕಾನೂನಲ್ಲ. ಅದು ಕೊಡುವುದು ರಕ್ಷಣೆಯ ಆದೇಶ, ವಾಸದ ಹಕ್ಕು, ಜೀವನಾಂಶ. ರಕ್ಷಣಾ ಆದೇಶವನ್ನು ಮೀರಿದರೆ ಅಪರಾಧ. ಗಂಡಸರೂ ಸಂಗಾತಿಯಿಂದ ನೋಯುತ್ತಾರೆ, ಅವರಿಗೂ ನೆರವು ಬೇಕು. ಅದು ಈ ಕಾಯ್ದೆಯನ್ನು ಮೂಲೆಗಿಡಲು ಕಾರಣವಾಗದು. ನಿಜವಾದ ಕೊರತೆ ಜಾರಿಯಲ್ಲಿದೆ. ನಮ್ಮ ರಾಜ್ಯದಲ್ಲಿ ಈ ಕಾಯ್ದೆಯಡಿ ದೂರು ಪಡೆಯಬೇಕಾದ ಸಂರಕ್ಷಣಾಧಿಕಾರಿಯ ಹೊಣೆ ಬಿದ್ದಿರುವುದು ಅಂಗನವಾಡಿಗಳ ಉಸ್ತುವಾರಿಯನ್ನೂ ಹೊತ್ತ ಶಿಶು ಅಭಿವೃದ್ಧಿ ಯೋಜನಾಧಿಕಾರಿಗಳ (ಸಿಡಿಪಿಒ) ಮೇಲೆ. ಪ್ರತಿ ತಾಲ್ಲೂಕಿಗೆ ಈ ಕೆಲಸಕ್ಕೆಂದೇ ಒಬ್ಬ ಅಧಿಕಾರಿಯನ್ನು ಸರ್ಕಾರ ನೇಮಿಸಬೇಕು. ಮೈಮೇಲೆ ಗಾಯವಿಲ್ಲದೆ ಬಂದವಳ ದೂರನ್ನೂ ಅವರು ಬರೆದುಕೊಳ್ಳಬೇಕು.