ನರ್ತನದ ಪೋಷಾಕೂ ಭರತಮುನಿಯ ಹೆಸರೂ

ಭರತನಾಟ್ಯಕ್ಕೆ ನಿಂತ ಹುಡುಗಿಯು ಬೀಸಣಿಗೆಯಂತೆ ಬಿಚ್ಚಿಕೊಳ್ಳುವ ಹೊಲಿದ ಪೋಷಾಕನ್ನೇ ತೊಡತಕ್ಕದ್ದು, ಸೀರೆಯುಟ್ಟು ಕುಣಿದರೆ ಅದು ಶಾಸ್ತ್ರಕ್ಕೆ ವಿರುದ್ಧವಾದದ್ದು, ಎಂಬ ಮತವೊಂದು ನಮ್ಮ ಸಂಪಗಾಂವ, ಬೈಲಹೊಂಗಲ, ಸವದತ್ತಿಯ ಕಡೆಗೂ ಬಂದು ಬೇರೂರಿದೆ. ಹೀಗೆ ವಾದಿಸುವವರು ಭರತಮುನಿಯ ಹೆಸರನ್ನು ಮುಂದೆ ಮಾಡುತ್ತಾರೆ. ಪಾಠಶಾಲೆಯಲ್ಲಿ ನಾಲ್ಕಕ್ಷರ ಸಂಸ್ಕೃತವನ್ನು ಕಲಿತವನಾದ ನಾನು, ಮುನಿಯ ಹೆಸರಿನಲ್ಲಿ ಸಿಂಪಿಗನ ಅಂಗಡಿಯ ಸರಕು ಮಾರಾಟವಾಗುವದನ್ನು ಕಂಡು ಸುಮ್ಮನಿರಲಾರೆ.

ನಾಟ್ಯಶಾಸ್ತ್ರದಲ್ಲಿ ಆಹಾರ್ಯಾಭಿನಯಕ್ಕೆ ಮೀಸಲಾದ ಅಧ್ಯಾಯವನ್ನು ಈ ಮಹನೀಯರು ಒಮ್ಮೆ ತೆರೆದು ನೋಡಬೇಕು. ವೇಷವು ದೇಶಕ್ಕೆ, ವಯಸ್ಸಿಗೆ, ಪಾತ್ರದ ಅವಸ್ಥೆಗೆ ತಕ್ಕಂತೆ ಬೇರೆಬೇರೆಯಾಗಿರಬೇಕೆಂಬುದು ಅಲ್ಲಿಯ ಅಭಿಪ್ರಾಯ. ಆ ದೇಶಕ್ಕೆ ಸಲ್ಲದ ವೇಷವು, ಸೊಂಟದ ಡಾಬನ್ನು ಎದೆಗೆ ಬಿಗಿದುಕೊಂಡಂತೆ, ನಗೆಗೆ ಕಾರಣವಾಗುವದೆಂದು ಮುನಿಯೇ ಎಚ್ಚರಿಸಿದ್ದಾನೆ. ಆಭರಣಗಳು ಭಾರವಾದರೆ ನಟರು ದಣಿದು, ಬೆವರಿ, ಮೂರ್ಛೆಗೊಂಡಾರು. ಆದ್ದರಿಂದ ಅವನ್ನು ಹಗುರಾಗಿ ಮಾಡಿಸಬೇಕೆಂಬ ಎಚ್ಚರವೂ ಅಲ್ಲಿದೆ. ಒಂದೇ ಅಚ್ಚಿನ ಪೋಷಾಕನ್ನು ಎಲ್ಲ ದೇಶದ ಎಲ್ಲ ಪಾತ್ರಗಳಿಗೂ ತೊಡಿಸಬೇಕೆಂಬ ವಿಧಿಯು ಮಾತ್ರ ಅಲ್ಲಿಲ್ಲ.

ಇನ್ನು ಕೆಲವರು ಶಿಲ್ಪವನ್ನು ಸಾಕ್ಷಿಗೆ ಕರೆಯುತ್ತಾರೆ. ಬೇಲೂರಿನ ದೇವಾಲಯವು 1117ರದು. ಅಲ್ಲಿಯ ಮದನಿಕೆಯರ ಮೈಮೇಲೆ ಆಭರಣಗಳು ಬೇಕಾದಷ್ಟುಂಟು, ಬಟ್ಟೆ ಮಾತ್ರ ಅತ್ಯಲ್ಪ. ಆ ಉಡುಪೇ ಪ್ರಮಾಣವೆಂಬವರು ತಮ್ಮ ಮನೆಯ ಮಕ್ಕಳನ್ನು ಹಾಗೆಯೇ ರಂಗಕ್ಕೆ ಕಳಿಸಿಯಾರೆ?

ಹಾಗಾದರೆ ಈ ಪೋಷಾಕು ಬಂದದ್ದೆಲ್ಲಿಂದ? ಅದರ ವಯಸ್ಸು ಇನ್ನೂ ನೂರು ತುಂಬಿಲ್ಲ. ಅದಕ್ಕೂ ಮುಂಚೆ ಸದಿರ್ ಎಂಬ ಹೆಸರಿನಿಂದ ಈ ನೃತ್ಯವನ್ನು ಕಾಪಾಡಿಕೊಂಡು ಬಂದ ದೇವದಾಸಿಯರು ಭಾರವಾದ ಜರಿಯ ಸೀರೆಯನ್ನು ಇಜಾರಿನ ಮೇಲೆ ಸುತ್ತಿ ಉಡುತ್ತಿದ್ದರು. 1935ರಲ್ಲಿ ಅಡಯಾರಿನ ಥಿಯೊಸಾಫಿಕಲ್ ಸೊಸಾಯಿಟಿಯ ವಜ್ರಮಹೋತ್ಸವದಲ್ಲಿ ರುಕ್ಮಿಣೀದೇವಿಯವರು ನರ್ತಿಸಿದ ಬಳಿಕ, ಅವರ ಕಲಾಕ್ಷೇತ್ರದಲ್ಲಿ ಈ ಹೊಸ ಉಡುಪು ರೂಪುಗೊಂಡಿತು. ಶಿಲ್ಪವನ್ನು ನೋಡಿ ಅವರು ಚಿತ್ರ ಕಲ್ಪಿಸಿದರು. ಹೊಲಿಗೆಗೆ ಕಾಜಾನ್ ಎಂಬ ಐರೋಪ್ಯ ಮಹಿಳೆಯ ನೆರವು ಒದಗಿತು. ಅದಕ್ಕೂ ಮೊದಲು ರುಕ್ಮಿಣೀದೇವಿಯವರಿಗೆ ನೃತ್ಯದ ಕಡೆಗೆ ಮನಸ್ಸು ತಿರುಗಿಸಿದವಳು ರಶಿಯಾದ ಬ್ಯಾಲೆ ನರ್ತಕಿ ಆನ್ನಾ ಪಾವ್ಲೋವಾ. ಆಕೆ 1922ರಲ್ಲೊಮ್ಮೆ, 1928-29ರಲ್ಲೊಮ್ಮೆ ಹಿಂದುಸ್ಥಾನಕ್ಕೆ ಬಂದಿದ್ದಳು. ಆಕೆಯ ಮೇಳದ ಕ್ಲಿಯೋ ನೋರ್ದಿ ಎಂಬವಳಿಂದ ರುಕ್ಮಿಣೀದೇವಿಯವರು ಬ್ಯಾಲೆಯ ಪಾಠವನ್ನೂ ಕಲಿತರು. ಇದನ್ನು ದೂಷಣೆಗಾಗಿ ಹೇಳುತ್ತಿಲ್ಲ. ಆ ಮಹಾ ಮಹಿಳೆಯು ತನ್ನ ಕಾಲಕ್ಕೆ ಬೇಕಾದದ್ದನ್ನು ತಾನೇ ಯೋಚಿಸಿ ಮಾಡಿಸಿಕೊಂಡಳು. ನಾವೋ, ಆಕೆಯ ಯೋಚನೆಯನ್ನು ಬಿಟ್ಟು ಆಕೆಯ ಸಿಂಪಿಗೆಯ ಕತ್ತರಿಯನ್ನು ಪೂಜೆಗಿಟ್ಟಿದ್ದೇವೆ.

ಪಾವ್ಲೋವಾಳ ಉಡುಪಿನ ಕಥೆಯನ್ನೇ ನೋಡಿರಿ. ಹಂಸದ ಗರಿಯಂತೆ ಸೊಂಟದ ಸುತ್ತ ನಿಲ್ಲುವ ಆ ಬಿಳಿಯ ಗಿಡ್ಡ ಲಂಗಕ್ಕೆ ಟುಟು ಎಂದು ಹೆಸರು. ಅದನ್ನು ನೋಡಿ ನಮ್ಮಲ್ಲಿ ಕೆಲವರು ನಾಚಿಕೆಗೇಡೆಂದು ಮೂಗು ಮುರಿಯುವರು. ಪರಂತು ಅದು ಒಂದು ದಿನದಲ್ಲಿ ಗಿಡ್ಡವಾದದ್ದಲ್ಲ. ಹದಿನೆಂಟನೆಯ ಶತಮಾನದಲ್ಲಿ ಪ್ಯಾರಿಸಿನ ನರ್ತಕಿಯರು ನೆಲ ಮುಟ್ಟುವ ಲಂಗ ತೊಡುತ್ತಿದ್ದಾಗ, ಕಾಮಾರ್ಗೋ ಎಂಬವಳು ತನ್ನ ಪಾದದ ಚಳಕವು ಜನರಿಗೆ ಕಾಣಲೆಂದು ಅಂಚನ್ನು ಮೇಲಕ್ಕೆತ್ತಿಸಿದಳು. 1832ರಲ್ಲಿ ‘ಲಾ ಸಿಲ್ಫೀದ್’ ಎಂಬ ಆಟದಲ್ಲಿ ಮಾರೀ ತಾಲ್ಯೋನಿಯು ಮಂಜಿನಂಥ ತೆಳುಬಟ್ಟೆಯ ಬಿಳಿಯ ಲಂಗ ತೊಟ್ಟು ಬೆರಳತುದಿಯ ಮೇಲೆ ಗಾಳಿಯ ಕನ್ಯೆಯಾಗಿ ಸುಳಿದಳು. ಮುಂದೆ ಬೆರಳತುದಿಯ ಕೆಲಸವೂ ಸುತ್ತುವ ಕೆಲಸವೂ ಹೆಚ್ಚಿದಂತೆ, ಆ ಶತಮಾನದ ಕೊನೆಯ ಹೊತ್ತಿಗೆ, ಲಂಗವು ಮೊಣಕಾಲನ್ನೂ ದಾಟಿ ಮೇಲೇರಿತು. ಕಾಲಿನ ಕೆಲಸವು ಬಟ್ಟೆಯನ್ನು ಕತ್ತರಿಸಿತೇ ಹೊರತು ಬಟ್ಟೆಯು ಕಾಲನ್ನು ಆಳಲಿಲ್ಲ.

ಆಳಿದಲ್ಲಿ ಅನರ್ಥವೇ ಆಯಿತು. ಅಂದಿನ ರಂಗದಲ್ಲಿ ಉರಿಯುತ್ತಿದ್ದದ್ದು ಗ್ಯಾಸಿನ ದೀಪ. ಬಟ್ಟೆಗೆ ಬೆಂಕಿ ಹತ್ತದಂತೆ ಔಷಧದ ನೀರಿನಲ್ಲಿ ಅದ್ದಬೇಕೆಂದು ಫ್ರಾನ್ಸಿನ ಸರಕಾರವು 1859ರಲ್ಲಿ ಅಪ್ಪಣೆ ಮಾಡಿತ್ತು. ಅದ್ದಿದರೆ ಬಟ್ಟೆ ಬಿರುಸಾಗುವದು, ಬಿಳುಪು ಮಾಸುವದು ಎಂದು ನರ್ತಕಿಯರು ಒಲ್ಲೆನೆಂದರು. ಒಲ್ಲೆನೆಂದವರಲ್ಲಿ ಎಮ್ಮಾ ಲಿವ್ರಿಯೂ ಒಬ್ಬಳು. 1862ರ ನವೆಂಬರದಲ್ಲಿ ತಾಲೀಮಿನ ಹೊತ್ತಿಗೆ ಅವಳ ಲಂಗಕ್ಕೆ ದೀಪದ ಜ್ವಾಲೆ ತಗಲಿತು. ಆಗ ಅವಳಿಗೆ ಇಪ್ಪತ್ತು ವರ್ಷ. ಎಂಟು ತಿಂಗಳು ನರಳಿ ಪ್ರಾಣ ಬಿಟ್ಟಳು.

ನಮ್ಮ ಸೀಮೆಯಲ್ಲಿ ಉಡುಪು ಬೆಂಕಿಯಾಗಿಲ್ಲ, ಬೇಲಿಯಾಗಿದೆ. ಒಂದು ಸ್ಪರ್ಧೆಯಲ್ಲಿ ಕೂಲಿಕಾರನ ಮಗಳೊಬ್ಬಳು ತಾಯಿಯ ಇಳಕಲ್ಲ ಸೀರೆಯನ್ನು ಕಚ್ಚೆ ಹಾಕಿ ಬಿಗಿದುಟ್ಟು ಕುಣಿದಳು. ತಾಳ ತಪ್ಪಲಿಲ್ಲ, ಅರೆಮಂಡಿ ಸಡಿಲಾಗಲಿಲ್ಲ. ಪರೀಕ್ಷಕರು ವೇಷಭೂಷಣದ ಅಂಕಗಳನ್ನು ಪೂರ್ತಿ ಕಳೆದು, ಬಾಡಿಗೆಯ ಪೋಷಾಕಿನಲ್ಲಿ ಹೆಜ್ಜೆ ಮರೆತು ನಿಂತ ಮತ್ತೊಬ್ಬಳನ್ನು ಮೇಲಕ್ಕೆತ್ತಿದರು. ಮರುವರ್ಷ ಆ ಹುಡುಗಿ ಹೆಸರು ಕೊಡಲಿಲ್ಲ. ಬಾಡಿಗೆಯ ಹಣವೂ ಅದರ ಮೇಲಿನ ಠೇವಣಿಯೂ ಕೂಲಿಯ ಮನೆಗೆ ಹಗುರಾದ ಮಾತಲ್ಲ.

ಕಚ್ಚೆಯ ಸೀರೆಯಲ್ಲಿ ಕಾಲು ಆಡುವದಿಲ್ಲವೆಂದು ಹೇಳುವವರು ನಮ್ಮ ಹೊಲಗಳ ಕಡೆಗೆ ಕಣ್ಣು ಹಾಯಿಸಲಿ. ಅದನ್ನುಟ್ಟೇ ಹೆಂಗಸರು ಕಳೆ ತೆಗೆದಿದ್ದಾರೆ, ರಾಶಿ ಮಾಡಿದ್ದಾರೆ. ಹೊಲಿದ ಪೋಷಾಕಾದರೂ ಏನು? ಕಚ್ಚೆಯ ಸೀರೆಯನ್ನೇ ಕತ್ತರಿಸಿ, ನಿರಿಗೆಯನ್ನು ಮುಂದೆ ತಂದು ಹೊಲಿದದ್ದು. ಉಡಲು ಸುಲಭ, ಬಿಚ್ಚಿಹೋಗುವ ಭಯವಿಲ್ಲ. ಈ ಸೌಕರ್ಯವನ್ನು ನಾನು ಅಲ್ಲಗಳೆಯುವದಿಲ್ಲ. ಸೌಕರ್ಯವನ್ನು ಸೌಕರ್ಯವೆಂದೇ ಕರೆಯಿರಿ, ಶಾಸ್ತ್ರವೆನ್ನಬೇಡಿರಿ, ಇಷ್ಟೇ ನನ್ನ ತಗಾದೆ. ಮೇಲಾಗಿ ನಮ್ಮ ಆಟಗಳೇ ಈ ವಿವೇಕವನ್ನು ಬಲ್ಲವು. ದೊಡ್ಡಾಟದ ರಾಜನಿಗೆ ಕಿರೀಟ, ಭುಜಕೀರ್ತಿ ಬೇಕು. ಬೈಲಹೊಂಗಲದ ಕಥೆಯಾದ ಸಂಗ್ಯಾ-ಬಾಳ್ಯಾದ ಸಣ್ಣಾಟಕ್ಕೆ ಊರ ಜನರು ಉಡುವ ಧೋತರ, ರುಮಾಲು, ಸೀರೆಯೇ ಸಾಕು. ಕುಲಗೋಡ ತಮ್ಮಣ್ಣನು ಬೆಳೆಸಿದ ಪಾರಿಜಾತದ ಸತ್ಯಭಾಮೆಯು ಸೀರೆಯಲ್ಲಿಯೇ ಸಿಟ್ಟಾಗುವಳು, ಆ ಸಿಟ್ಟಿಗೇನೂ ಕೊರತೆಯಾಗಿಲ್ಲ. ಮೈಸೂರಿನ ಜಟ್ಟಿ ತಾಯಮ್ಮನವರ ಶಿಷ್ಯೆಯಾದ ವೆಂಕಟಲಕ್ಷಮ್ಮನವರು (1906-2002) ವೃದ್ಧಾಪ್ಯದಲ್ಲಿ ಸಾದಾ ಸೀರೆಯಲ್ಲಿ ಅಭಿನಯಿಸಿ ತೋರಿಸುತ್ತಿದ್ದಾಗ ಯಾರೂ ಅವರ ನಿರಿಗೆಯನ್ನು ಎಣಿಸಲಿಲ್ಲ.

ಇದರಲ್ಲಿ ಇನ್ನೊಂದು ಮಾತು ಅಡಗಿದೆ. ಸವದತ್ತಿಯ ಗುಡ್ಡದ ನೆರಳಿನಲ್ಲಿರುವ ನಾವು ಅದನ್ನು ಮುಚ್ಚಿಡಬಾರದು. ದೇವರಿಗೆ ಹೆಣ್ಣುಮಕ್ಕಳನ್ನು ಬಿಡುವ ಪದ್ಧತಿಯನ್ನು ಮುಂಬಯಿ ಇಲಾಖೆಯ 1934ರ ಕಾಯದೆಯೂ ಕರ್ನಾಟಕದ 1982ರ ಕಾಯದೆಯೂ ನಿಷೇಧಿಸಿದವು, ಅದು ಆಗಬೇಕಾದದ್ದೇ. ಆದರೆ ಆ ಹೆಂಗಸರಿಂದ ಕಲೆಯನ್ನು ಪಡೆದು, ಅವರ ಉಡುಪನ್ನು ಹೊಲಸೆಂದು ತಳ್ಳಿ, ಹೊಸದಾಗಿ ಹೊಲಿಸಿದ್ದನ್ನು ಸನಾತನವೆಂದು ಸಾರುವದು ಯಾವ ನ್ಯಾಯ? ಕೂಲಿಕಾರನ ಮಗಳ ಸೀರೆಯನ್ನು ಕಂಡು ಮುಖ ಸಿಂಡರಿಸುವ ಕಣ್ಣಿಗೂ ಈ ಹಳೆಯ ತಾತ್ಸಾರಕ್ಕೂ ನಂಟಿದೆಯೆಂದು ನನಗೆ ತೋರುವದು.

ಸ್ಪರ್ಧೆಗಳನ್ನು ನಡೆಯಿಸುವ ಮಹಾಶಯರಲ್ಲಿ ವಿಜ್ಞಾಪನೆ: ವೇಷಭೂಷಣಕ್ಕೆಂದು ಇಟ್ಟ ಅಂಕಗಳನ್ನು ತೆಗೆದು ತಾಳಕ್ಕೂ ಅಭಿನಯಕ್ಕೂ ಹಂಚಿರಿ. ಅಷ್ಟು ಧೈರ್ಯವಿಲ್ಲದಿದ್ದರೆ, ಉಟ್ಟ ಸೀರೆಯೂ ಹೊಲಿದ ಪೋಷಾಕೂ ಸಮಾನವೆಂಬ ಒಂದು ಸಾಲನ್ನಾದರೂ ನಿಯಮಪತ್ರದಲ್ಲಿ ಸೇರಿಸಿ, ಅದನ್ನು ಸ್ಪರ್ಧೆಗಿಂತ ತಿಂಗಳೊಪ್ಪತ್ತು ಮುಂಚೆ ಎಲ್ಲ ಹಳ್ಳಿಗಳ ಶಾಲೆಗಳಿಗೂ ಮುಟ್ಟಿಸಿರಿ.