ಬದುಕಿ ಬಂದವರ ಮಾತು ಕೇಳುವವರು ಯಾರು?

ಬೆಂಗಳೂರು ಎಂಬ ಹೆಸರು ಕಾಣಿಸಿಕೊಳ್ಳುವ ಅತ್ಯಂತ ಹಳೆಯ ದಾಖಲೆ ಬೇಗೂರಿನ ಒಂದು ವೀರಗಲ್ಲು. ಸುಮಾರು ಕ್ರಿ.ಶ. 890ರ ಆ ಕಲ್ಲು ‘ಬೆಂಗಳೂರು ಕಾಳಗ’ದಲ್ಲಿ ಕಾದಿ ಮಡಿದವರನ್ನು ನೆನೆಯುತ್ತದೆ. ತುರುಗಳನ್ನು ಬಿಡಿಸಲು ಹೋಗಿ ಸತ್ತವನಿಗೂ ಊರ ಎಲ್ಲೆ ಕಾಯುತ್ತ ಸತ್ತವನಿಗೂ ಕಲ್ಲು ನಿಲ್ಲಿಸಿದ ನಾಡು ಇದು. ಅದೇ ಕಾಳಗದಿಂದ ಮನೆಗೆ ಮರಳಿದವರು ಏನು ಕಂಡರು, ಏನು ಹೇಳಿದರು ಎಂಬುದನ್ನು ಮಾತ್ರ ಆ ಕಲ್ಲು ಹೇಳುವುದಿಲ್ಲ. ಇಂದಿಗೂ ನಮ್ಮ ರೂಢಿ ಹೆಚ್ಚೇನೂ ಬದಲಾಗಿಲ್ಲ. 2019ರ ಫೆಬ್ರುವರಿ 25ರಂದು ದೆಹಲಿಯಲ್ಲಿ ಉದ್ಘಾಟನೆಯಾದ ರಾಷ್ಟ್ರೀಯ ಯುದ್ಧ ಸ್ಮಾರಕದಲ್ಲಿ 25 ಸಾವಿರಕ್ಕೂ ಹೆಚ್ಚು ಹುತಾತ್ಮರ ಹೆಸರುಗಳನ್ನು ಕೆತ್ತಲಾಗಿದೆ. ಅದು ಎಂದೋ ಆಗಬೇಕಿದ್ದ ಕೆಲಸ. ಬದುಕಿ ಬಂದವರಿಗೆ ನಾವು ಮಾಡುತ್ತಿರುವುದು ಮಾತ್ರ ಒಂದು ಸನ್ಮಾನ: ವೇದಿಕೆಗೆ ಕರೆದು, ಶಾಲು ಹೊದಿಸಿ, ಮೈಸೂರು ಪೇಟ ತೊಡಿಸಿ, ಹಣ್ಣಿನ ಬುಟ್ಟಿ ಕೈಗಿತ್ತು, ಫೋಟೊ ತೆಗೆಸಿ ಕೆಳಗಿಳಿಸುತ್ತೇವೆ. ಮೈಕು ಅತಿಥಿಗಳ ಕೈಯಲ್ಲೇ ಉಳಿಯುತ್ತದೆ. ಆ ಹಿರಿಯರ ಎದೆಯ ಮೇಲಿನ ಪದಕ ಪೂರ್ವಿ ಸ್ಟಾರ್ ಆಗಿದ್ದರೆ 1971ರಲ್ಲಿ ಅವರು ಪೂರ್ವದ ರಣರಂಗದಲ್ಲಿದ್ದರು ಎಂದರ್ಥ. ಪಶ್ಚಿಮಿ ಸ್ಟಾರ್ ಆಗಿದ್ದರೆ ಪಶ್ಚಿಮದಲ್ಲಿ. ಸಮರ ಸೇವಾ ಸ್ಟಾರ್ ಆಗಿದ್ದರೆ ಅವರು 1965ನ್ನು ಕಂಡವರು. ಅಷ್ಟು ತಿಳಿದರೂ ಕೇಳಲು ಹತ್ತು ಪ್ರಶ್ನೆ ಹುಟ್ಟುತ್ತವೆ. ನಾವು ಒಂದನ್ನೂ ಕೇಳುವುದಿಲ್ಲ. ನಮ್ಮ ಕೃತಜ್ಞತೆ ಪ್ರಾಮಾಣಿಕವೇ, ಆದರೆ ಅರ್ಧಕ್ಕೇ ನಿಂತಿದೆ. ಉಳಿದರ್ಧ ಅವರ ಮಾತನ್ನು ಕೂತು ಕೇಳಿ ದಾಖಲಿಸಿಡುವುದು. ಅದನ್ನು ಸರ್ಕಾರ ತನ್ನ ಕರ್ತವ್ಯವೆಂದೇ ಮಾಡಬೇಕು.

ಕೇಳುವುದರಿಂದ ಏನಾಗುತ್ತದೆ ಎಂಬುದಕ್ಕೆ ಕೊಡಗಿನ ಸ್ಕ್ವಾಡ್ರನ್ ಲೀಡರ್ ಅಜ್ಜಮಾಡ ದೇವಯ್ಯ ಅವರ ಪ್ರಕರಣಕ್ಕಿಂತ ದೊಡ್ಡ ಸಾಕ್ಷಿ ಬೇಡ. 1965ರ ಸೆಪ್ಟೆಂಬರ್ 7ರಂದು ಪಾಕಿಸ್ತಾನದ ಸರ್ಗೋಧಾ ವಾಯುನೆಲೆಯ ಮೇಲಿನ ದಾಳಿಗೆ ಹೋದ ಅವರ ಮಿಸ್ಟೇರ್ ವಿಮಾನ ಮರಳಲಿಲ್ಲ. ನಮ್ಮ ಕಡತಗಳಲ್ಲಿ ಅವರು ಕಾಣೆಯಾದವರಾಗಿಯೇ ಉಳಿದರು. ಆಗಸದಲ್ಲಿ ನಡೆದದ್ದೇನೆಂದು ತಿಳಿದದ್ದು 1979ರಲ್ಲಿ, ಪಾಕಿಸ್ತಾನದ ವಾಯುಪಡೆಯ ಕುರಿತು ಬ್ರಿಟಿಷ್ ಲೇಖಕ ಜಾನ್ ಫ್ರಿಕರ್ ಬರೆದ ಪುಸ್ತಕ ಹೊರಬಂದಾಗ. ತನಗಿಂತ ಎಷ್ಟೋ ವೇಗದ ಸ್ಟಾರ್‌ಫೈಟರ್ ಎದುರಾದಾಗ, ಏಟು ತಿಂದ ವಿಮಾನದಲ್ಲೇ ತಿರುಗಿಬಿದ್ದು ಮಿಸ್ಟೇರ್ ಒಂದು ಅದನ್ನು ಹೊಡೆದುರುಳಿಸಿತ್ತು. ಪ್ಯಾರಾಚೂಟ್‌ನಲ್ಲಿ ಇಳಿದು ಪ್ರಾಣ ಉಳಿಸಿಕೊಂಡ ಪಾಕಿಸ್ತಾನಿ ಪೈಲಟ್‌ನ ಅನುಭವ ದಾಖಲಾಗಿದ್ದರಿಂದಲೇ ಆ ಕಥೆ ಉಳಿಯಿತು. ದೇವಯ್ಯ ಅವರಿಗೆ ಮರಣೋತ್ತರ ಮಹಾವೀರ ಚಕ್ರ ಬಂದದ್ದು 1988ರಲ್ಲಿ, 23 ವರ್ಷಗಳ ನಂತರ. ನಮ್ಮ ವೀರನೊಬ್ಬನ ಪರಾಕ್ರಮ ನಮಗೆ ಗೊತ್ತಾಗಲು ಎದುರಾಳಿಯ ನೆನಪು ಬೇಕಾಯಿತು. ಯಾರೂ ಕೇಳದ ಕಾರಣಕ್ಕೆ ಮಣ್ಣು ಸೇರಿದ ಇಂಥ ಸಂಗತಿಗಳು ಇನ್ನೆಷ್ಟಿರಬಹುದು?

ಮುದುಕರ ನೆನಪನ್ನು ನಂಬುವುದು ಹೇಗೆ, ಇಸವಿ ತಪ್ಪುತ್ತದೆ, ಕಥೆ ಬೆಳೆಯುತ್ತದೆ ಎಂದು ಇತಿಹಾಸಕಾರರು ಆಕ್ಷೇಪಿಸಬಹುದು. ಆ ಅನುಮಾನ ನ್ಯಾಯವಾದದ್ದು. ಆದರೆ ಒಬ್ಬನ ಮಾತನ್ನು ಮತ್ತೊಬ್ಬನ ಮಾತಿನೊಡನೆ, ಎರಡನ್ನೂ ಪಲ್ಟನ್ನಿನ ದಿನಚರಿಯೊಡನೆ ತಾಳೆ ನೋಡಲು ಮೊದಲು ಆ ಮಾತುಗಳು ಉಳಿದಿರಬೇಕಲ್ಲ. ಮಲೆ ಮಹದೇಶ್ವರ, ಮಂಟೇಸ್ವಾಮಿ ಕಾವ್ಯಗಳನ್ನು ಹಾಡುವವರ ಮುಂದೆ ಕೂತು ಧ್ವನಿಮುದ್ರಿಸಿ, ಪಾಠ ಸಿದ್ಧಪಡಿಸಿ, ಅಚ್ಚು ಹಾಕಿದ ವಿದ್ವಾಂಸರು ಕನ್ನಡದಲ್ಲಿದ್ದಾರೆ. ಹಂಪಿಯ ಕನ್ನಡ ವಿಶ್ವವಿದ್ಯಾಲಯಕ್ಕೂ ಗೊಟಗೋಡಿಯ ಜಾನಪದ ವಿಶ್ವವಿದ್ಯಾಲಯಕ್ಕೂ ಈ ಕೆಲಸ ಹೊಸತಲ್ಲ. ಅಧಿಕಾರಿಗಳು ಆತ್ಮಕಥೆ ಬರೆಯುತ್ತಾರೆ, ಬಹುಪಾಲು ಇಂಗ್ಲಿಷಿನಲ್ಲಿ. ಬೆಳಗಾವಿಯ ಮರಾಠಾ ಲಘು ಪದಾತಿದಳದ ಕೇಂದ್ರದಲ್ಲಿ ತರಬೇತಾದ ಹವಾಲ್ದಾರನೋ, ಬೆಂಗಳೂರಿನ ಮದ್ರಾಸ್ ಎಂಜಿನಿಯರ್ ಗ್ರೂಪಿನ ಸ್ಯಾಪರನೋ ಬರೆಯುವುದು ಅಪರೂಪ. ನದಿಗೆ ಸೇತುವೆ ಕಟ್ಟಿದವರು, ದೀಪವಾರಿಸಿ ರಾತ್ರಿಯಿಡೀ ಲಾರಿ ಓಡಿಸಿದವರು, ಬಂಕರಿಗೆ ಅನ್ನ ಹೊತ್ತವರು, ಗಾಯ ಕಟ್ಟಿದ ಮಿಲಿಟರಿ ನರ್ಸುಗಳು ಕಂಡ ಯುದ್ಧ ಸೇನಾಪತಿಗಳ ನಕ್ಷೆಯಲ್ಲಿ ಇರುವುದಿಲ್ಲ. ಆ ನೆನಪುಗಳು ಅವರ ಮನೆಮಾತಿನಲ್ಲೇ ಸರಾಗವಾಗಿ ಹೊರಬಂದಾವು. 1971ರಲ್ಲಿ 18 ವರ್ಷದ ಹುಡುಗನಾಗಿದ್ದ ಸಿಪಾಯಿ ಈಗ 70 ದಾಟಿದ್ದಾನೆ. 1962ರಲ್ಲಿ ಚೀನಾ ಗಡಿಯಲ್ಲಿ ನಿಂತವರು 80ರ ಆಚೆಗಿದ್ದಾರೆ. 1918ರ ಸೆಪ್ಟೆಂಬರ್ 23ರಂದು ಹೈಫಾದಲ್ಲಿ ಕುದುರೆಯೇರಿ ಕಾದಿದ ಮೈಸೂರು ಲ್ಯಾನ್ಸರ್ಸ್ ಯೋಧರ ಬಾಯಿಂದ ಆ ದಿನವನ್ನು ಕೇಳುವ ಅವಕಾಶ ನಮ್ಮ ಕೈತಪ್ಪಿ ಎಷ್ಟೋ ಕಾಲವಾಯಿತು.

ಮಾಜಿ ಸೈನಿಕರಿಗೆ ಬೇಕಿರುವುದು ಪಿಂಚಣಿ, ಔಷಧಿ, ಮಂಜೂರಾದ ಜಮೀನು. ಕಥೆ ಕೇಳುವುದರಿಂದ ಹೊಟ್ಟೆ ತುಂಬುತ್ತದೆಯೇ ಎಂಬುದು ಇದಕ್ಕಿಂತ ಗಟ್ಟಿಯಾದ ಆಕ್ಷೇಪ. ನಿಜ, ಆ ಹಕ್ಕುಗಳಿಗೆ ಬದಲಿಯಾಗಿ ಯಾವ ಧ್ವನಿಮುದ್ರಣವನ್ನೂ ಮುಂದಿಡುವಂತಿಲ್ಲ. ‘ಸಮಾನ ಶ್ರೇಣಿ ಸಮಾನ ಪಿಂಚಣಿ’ಗಾಗಿ 2015ರಲ್ಲಿ ನಿವೃತ್ತ ಯೋಧರು ಜಂತರ್ ಮಂತರ್‌ನಲ್ಲಿ ಕೂರಬೇಕಾಗಿ ಬಂದದ್ದನ್ನು ಮರೆಯಬಾರದು. ಆದರೆ ಒಂದನ್ನು ಕೊಡಲು ಇನ್ನೊಂದನ್ನು ಕಸಿಯಬೇಕಿಲ್ಲ. ಸೈನಿಕ ಕಲ್ಯಾಣ ಮತ್ತು ಪುನರ್ವಸತಿ ಇಲಾಖೆಗೆ ಜಿಲ್ಲೆಗಳಲ್ಲಿ ಕಚೇರಿಗಳಿವೆ, ಮಾಜಿ ಸೈನಿಕರ ನೋಂದಣಿ ಇದೆ. ಇತಿಹಾಸ ಓದುವ ಕಾಲೇಜು ವಿದ್ಯಾರ್ಥಿಗಳಿದ್ದಾರೆ, ಅವರ ಜೇಬಿನಲ್ಲಿ ಮೊಬೈಲ್ ಇದೆ. ಅಮೆರಿಕದ ಸಂಸತ್ತು 2000ರಲ್ಲಿ ಕಾನೂನು ಮಾಡಿ ಶುರುಮಾಡಿದ ಯೋಜನೆಯಲ್ಲಿ ಅಲ್ಲಿನ ಲೈಬ್ರರಿ ಆಫ್ ಕಾಂಗ್ರೆಸ್ ಒಂದು ಲಕ್ಷಕ್ಕೂ ಹೆಚ್ಚು ಯೋಧರ ನೆನಪುಗಳನ್ನು ಸಂಗ್ರಹಿಸಿದೆ; ಸಂದರ್ಶನಗಳನ್ನು ಮಾಡಿದವರಲ್ಲಿ ಬಹುಮಂದಿ ಸಾಮಾನ್ಯ ಜನ, ಹೈಸ್ಕೂಲು ಮಕ್ಕಳೂ ಸೇರಿ. ಇನ್ನು ಗೋಪ್ಯತೆಯ ಮಾತು. ಯುದ್ಧದ ದಾಖಲೆಗಳನ್ನು ಸಾಮಾನ್ಯವಾಗಿ 25 ವರ್ಷಗಳಲ್ಲಿ ಬಹಿರಂಗಪಡಿಸಬೇಕೆಂಬ ನೀತಿಯನ್ನು ರಕ್ಷಣಾ ಸಚಿವಾಲಯವೇ 2021ರ ಜೂನ್‌ನಲ್ಲಿ ಒಪ್ಪಿದೆ. 1965ಕ್ಕೂ 1971ಕ್ಕೂ ಆ ಗಡುವು ಎಂದೋ ಮುಗಿದಿದೆ.

ಇದೆಲ್ಲ ಯುದ್ಧದ ವೈಭವೀಕರಣಕ್ಕೆ ದಾರಿಯಾದೀತು ಎಂದು ಅಂಜುವವರಿದ್ದಾರೆ. ಅವರ ಕಾಳಜಿಯನ್ನು ಗೌರವಿಸಿಯೇ ಹೇಳಬೇಕು: ವೈಭವೀಕರಣಕ್ಕೆ ನಿಜವಾದ ಯೋಧನ ಮಾತು ಬೇಕಾಗುವುದಿಲ್ಲ, ಘೋಷಣೆ ಸಾಕು. ಪಕ್ಕದಲ್ಲಿದ್ದವನು ಸತ್ತದ್ದನ್ನು ಕಂಡವರ ಮಾತಿನಲ್ಲಿ ಚಳಿ, ಹಸಿವು, ಭಯ, ಮನೆಯ ಕಾಗದಕ್ಕಾಗಿ ಕಾದ ದಿನಗಳು ಬರುತ್ತವೆ, ಶರಣಾದ ಶತ್ರುವಿನ ಮುಖವೂ ಬರುತ್ತದೆ. ಮಾತಾಡಲು ಒಲ್ಲದವರನ್ನು ಬಲವಂತ ಮಾಡಬಾರದು. ಹಳೆಯ ಗಾಯ ಕೆದಕುವ ಹಕ್ಕು ಯಾರಿಗೂ ಇಲ್ಲ. ಆದರೆ ಯಾರೂ ಕೇಳಲಿಲ್ಲವೆಂಬ ಒಂದೇ ಕಾರಣಕ್ಕೆ ಸುಮ್ಮನಿರುವವರನ್ನು ಹಾಗೇ ಬಿಡುವುದು ತಪ್ಪು.

ಫೀಲ್ಡ್ ಮಾರ್ಷಲ್ ಕೆ.ಎಂ. ಕಾರ್ಯಪ್ಪ 1953ರಲ್ಲಿ ಸೇನೆಯಿಂದ ನಿವೃತ್ತರಾದ ಜನವರಿ 14ನ್ನು ದೇಶ ಮಾಜಿ ಸೈನಿಕರ ದಿನವೆಂದು ಆಚರಿಸುತ್ತದೆ. ಸಂಕ್ರಾಂತಿಯ ಗಡಿಬಿಡಿಯಲ್ಲಿ ಅವರ ಸ್ವಂತ ನಾಡಿನಲ್ಲೇ ಅದು ಹೆಚ್ಚು ಜನರ ಗಮನಕ್ಕೆ ಬರುವುದಿಲ್ಲ. ಮುಂದಿನ ಜನವರಿಯೊಳಗೆ ರಾಜ್ಯ ಸರ್ಕಾರ ಕನಿಷ್ಠ ಒಂದು ಜಿಲ್ಲೆಯಲ್ಲಾದರೂ ಈ ಕೆಲಸ ಆರಂಭಿಸಲಿ; ಕೊಡಗಿನಿಂದಲೇ ಆಗಲಿ, ಬೆಳಗಾವಿಯಿಂದಲೇ ಆಗಲಿ. ಸರ್ಕಾರ ಕದಲುವ ಮೊದಲೇ ನಿಮ್ಮ ಬೀದಿಯಲ್ಲಿ ‘ಮಿಲ್ಟ್ರಿಯವರ ಮನೆ’ ಎಂದು ಕರೆಸಿಕೊಳ್ಳುವ ಮನೆಯೊಂದಿದ್ದರೆ, ಈ ಭಾನುವಾರ ಅಲ್ಲಿಗೆ ಹೋಗಿ. ಅನುಮತಿ ಕೇಳಿ ಮೊಬೈಲ್ ಮುಂದಿಟ್ಟು, ಯಾವ ವರ್ಷ ಸೇರಿದಿರಿ, ಮೊದಲ ಪೋಸ್ಟಿಂಗ್ ಎಲ್ಲಿ ಎಂದು ಶುರುಮಾಡಿ.