ಆಟವೆಂದು ಜರಿಯುವ ಮುನ್ನ

ಕಂಪ್ಯೂಟರಿನ ಮುಂದೆ ಕುಳಿತ ಹುಡುಗ ಕೆಟ್ಟನೆಂದೇ ಲೆಕ್ಕ ಎಂಬ ತೀರ್ಪು ನಮ್ಮ ಮಂಡ್ಯ, ಮದ್ದೂರು, ಮಳವಳ್ಳಿ ಕಡೆ ಬಹು ಸುಲಭವಾಗಿ ಹೊರಬೀಳುತ್ತದೆ. ವಿಚಾರಣೆಯಿಲ್ಲದೆ ಕೊಡುವ ತೀರ್ಪು ಯಾವ ನ್ಯಾಯಾಲಯದಲ್ಲಿಯೂ ನಿಲ್ಲದು. ಮಕ್ಕಳ ವಿಷಯದಲ್ಲಿ ಮಾತ್ರ ಅದಕ್ಕೆ ಮೇಲ್ಮನವಿಯೇ ಇಲ್ಲ!

ಮಳವಳ್ಳಿ ತಾಲ್ಲೂಕಿನ ಪರಿಚಿತ ರೈತರೊಬ್ಬರು ಮೊನ್ನೆ ಹೇಳಿದರು: "ಏನ್ ಮೇಷ್ಟ್ರೇ, ಈ ಐಕ್ಳು ಹೊತ್ತಾರೆಯಿಂದ ವಿಮಾನ ಬಿಟ್ಕಂಡು ಕೂತವೆ. ನೀವಾರ ಒಸಿ ಬುದ್ಧಿ ಹೇಳಿ." ಬುದ್ಧಿ ಹೇಳುವ ಮೊದಲು ಹುಡುಗ ಮಾಡುತ್ತಿದ್ದುದೇನೆಂದು ನೋಡಿದೆ. ಫ್ಲೈಟ್ ಸಿಮ್ಯುಲೇಟರ್ ಎಂಬ ತಂತ್ರಾಂಶದಲ್ಲಿ ಅವನು ಟ್ವಿನ್ ಆಟರ್ ಎಂಬ ಪುಟ್ಟ ವಿಮಾನವನ್ನು ನೇಪಾಳದ ಲುಕ್ಲಾದಲ್ಲಿ ಇಳಿಸಲು ಹೆಣಗುತ್ತಿದ್ದ. ಅಲ್ಲಿ ಗುಂಡು ಹಾರಿಸುವುದಿಲ್ಲ, ಯಾರನ್ನೂ ಕೊಲ್ಲುವುದಿಲ್ಲ, ಅಂಕವೂ ಇಲ್ಲ, ಬಹುಮಾನವೂ ಇಲ್ಲ. ಇರುವುದು ಬೆಟ್ಟ, ಗಾಳಿ, ಒಂದು ತುಂಡು ನೆಲ.

ಆ ತುಂಡು ನೆಲದ ಲೆಕ್ಕವನ್ನು ಓದುಗರು ಸ್ವಲ್ಪ ಗಮನಿಸಬೇಕು. ಎವರೆಸ್ಟಿನ ಹಾದಿಯಲ್ಲಿರುವ ಲುಕ್ಲಾ ನಿಲ್ದಾಣವನ್ನು 1964ರಲ್ಲಿ ಎಡ್ಮಂಡ್ ಹಿಲರಿ ಶೆರ್ಪಾ ಜನರ ನೆರವಿನಿಂದ ಕಟ್ಟಿಸಿದರು. ಸಮುದ್ರಮಟ್ಟದಿಂದ ಅದರ ಎತ್ತರ ಸುಮಾರು 2,845 ಮೀಟರ್. ರನ್‌ವೇಯ ಉದ್ದ ಕೇವಲ 527 ಮೀಟರ್. ನಮ್ಮ ಬೆಂಗಳೂರು ವಿಮಾನ ನಿಲ್ದಾಣದ್ದು 4,000 ಮೀಟರ್. ಸಾಲದೆಂಬಂತೆ ಅದು ಶೇಕಡಾ 11.7ರಷ್ಟು ಏರುಮುಖವಾಗಿದೆ. ಒಂದು ತುದಿಯಿಂದ ಇನ್ನೊಂದಕ್ಕೆ ಹೋಗುವಷ್ಟರಲ್ಲಿ ನೆಲವೇ ಸುಮಾರು 60 ಮೀಟರ್ ಮೇಲೇರುತ್ತದೆ. ಕೆಳತುದಿಯಲ್ಲಿ ಕಣಿವೆ, ಮೇಲುತುದಿಯಾಚೆ ಬೆಟ್ಟ.

ಕಬ್ಬು ತುಂಬಿದ ಎತ್ತಿನ ಗಾಡಿಯನ್ನು ಕೆರೆಯ ಏರಿಗೆ ಹತ್ತಿಸಿದ ರೈತನಿಗೆ ಈ ಏರು ಏನೆಂದು ಬಿಡಿಸಿ ಹೇಳಬೇಕಿಲ್ಲ. ಅವನ ಎತ್ತುಗಳನ್ನು ತಡೆಯುವ ಅಂಥ ಏರೇ ಅಲ್ಲಿ ಇಳಿಯುವ ವಿಮಾನಕ್ಕೆ ಬ್ರೇಕಿನಂತೆ ಒದಗುತ್ತದೆ. ಹೊರಡುವಾಗ ಅದೇ ಇಳಿಜಾರು ವೇಗವನ್ನು ಕೊಡುತ್ತದೆ. ಆದ್ದರಿಂದಲೇ ಅಲ್ಲಿ ಇಳಿಯುವುದು ಏರುಮುಖವಾಗಿ, ಹಾರುವುದು ಇಳಿಮುಖವಾಗಿ.

ಇನ್ನು ಗಾಳಿಯ ಮಾತು. ಅಷ್ಟು ಎತ್ತರದಲ್ಲಿ ಗಾಳಿಯ ಸಾಂದ್ರತೆ ಸಮುದ್ರಮಟ್ಟದ ಮುಕ್ಕಾಲು ಪಾಲು ಮಾತ್ರ. ವಿಮಾನದ ವೇಗಮಾಪಕ ನಡೆಯುವುದು ಗಾಳಿಯ ಒತ್ತಡದಿಂದಾದ್ದರಿಂದ, ಅದು ಎಂದಿನ ಅಂಕಿಯನ್ನೇ ತೋರಿಸುತ್ತಿದ್ದರೂ ನಿಜವಾದ ವೇಗ ಶೇಕಡಾ 15ರಷ್ಟು ಹೆಚ್ಚಿರುತ್ತದೆ. ಚಲನಶಕ್ತಿಯು ವೇಗದ ವರ್ಗಕ್ಕೆ ಅನುಗುಣವಾದುದು ಎಂಬುದನ್ನು ಪ್ರೌಢಶಾಲೆಯ ಮಕ್ಕಳೆಲ್ಲ ಬಾಯಿಪಾಠ ಮಾಡಿದ್ದಾರೆ. ಹಾಗಾದರೆ ಲುಕ್ಲಾದಲ್ಲಿ ನೆಲ ಮುಟ್ಟುವ ವಿಮಾನ ಎಷ್ಟು ಹೆಚ್ಚು ಶಕ್ತಿಯನ್ನು ಕಳೆದುಕೊಳ್ಳಬೇಕು? ಸುಮಾರು ಮೂರನೆಯ ಒಂದು ಭಾಗ. ಈ ಉತ್ತರವನ್ನು ಕರಿಹಲಗೆಯ ಮೇಲೆ ಎರಡು ಸಾಲಿನಲ್ಲಿ ಬರೆಯಬಹುದು; ಮಕ್ಕಳು ಅದನ್ನು ಪರೀಕ್ಷೆಯ ಮರುದಿನ ಮರೆಯುತ್ತಾರೆ. ರನ್‌ವೇಯ ಕೊನೆಯ ಬಂಡೆಗೆ ನಾಲ್ಕು ಬಾರಿ ಡಿಕ್ಕಿ ಹೊಡೆದ ಹುಡುಗ ಮಾತ್ರ ಜನ್ಮದಲ್ಲಿ ಮರೆಯಲಾರ.

ಕಣ್ಣು ಮಾಡುವ ಮೋಸವೂ ಅಲ್ಲಿ ಪಾಠವಾಗುತ್ತದೆ. ಏರುಮುಖವಾದ ರನ್‌ವೇ ಎದುರಾದಾಗ ತಾನು ಬಹಳ ಎತ್ತರದಲ್ಲಿದ್ದೇನೆಂದು ಪೈಲಟ್‌ಗೆ ಭಾಸವಾಗುತ್ತದೆ. ಅದನ್ನು ನಂಬಿ ಕೆಳಗಿಳಿದರೆ ರನ್‌ವೇಗೆ ಮುನ್ನವೇ ಗುಡ್ಡ ತಗಲುತ್ತದೆ. ಕಂಡದ್ದನ್ನೆಲ್ಲ ನಂಬಬೇಡ, ಅಳೆದು ನೋಡು ಎಂಬುದೇ ವಿಜ್ಞಾನದ ಮೊದಲ ಪಾಠವಲ್ಲವೇ? ಅದನ್ನು ಇಷ್ಟು ಚೆನ್ನಾಗಿ ಕಲಿಸುವ ಸಾಧನವನ್ನು 'ಆಟ' ಎಂದು ಜರಿದು, ಆಯ್ಕೆ ಉತ್ತರಗಳಿಗೆ ಗುರುತು ಹಾಕುವ ಕೋಚಿಂಗನ್ನು 'ವಿದ್ಯೆ' ಎಂದು ಪೂಜಿಸುತ್ತಿದ್ದೇವಲ್ಲ, ಇದು ಎಂಥ ವಿಪರ್ಯಾಸ!

ಸಿಮ್ಯುಲೇಟರ್ ಹುಟ್ಟಿದ್ದೂ ಆಟಕ್ಕಾಗಿಯಲ್ಲ. ಆರ್ಗನ್ ವಾದ್ಯ ತಯಾರಿಸುವ ಮನೆತನದಲ್ಲಿ ಬೆಳೆದ ಅಮೆರಿಕದ ಎಡ್ವಿನ್ ಲಿಂಕ್ 1929ರಲ್ಲಿ ವಾದ್ಯದ ತಿದಿಗಳನ್ನೇ ಬಳಸಿ, ನೆಲ ಬಿಡದೆ ವಾಲುವ, ತಿರುಗುವ ವಿಮಾನವೊಂದನ್ನು ಮಾಡಿದ. ಮೊದಮೊದಲು ಅದು ಸಂತೆ ಜಾತ್ರೆಗಳ ಮನರಂಜನೆಯ ವಸ್ತುವೆಂದೇ ಜನ ತಿಳಿದರು. 1934ರಲ್ಲಿ ಅಂಚೆ ಸಾಗಿಸುವ ಕೆಲಸ ಸೇನೆಯ ಪಾಲಿಗೆ ಬಂದು, ಕೆಟ್ಟ ಹವೆಯಲ್ಲಿ ಹತ್ತಕ್ಕೂ ಹೆಚ್ಚು ಪೈಲಟ್‌ಗಳು ಸತ್ತ ಮೇಲೆ ಅದೇ ಸೇನೆ ಲಿಂಕ್‌ನ ಯಂತ್ರಗಳನ್ನು ಕೊಂಡಿತು. ಎರಡನೆಯ ಮಹಾಯುದ್ಧದಲ್ಲಿ ಲಕ್ಷಾಂತರ ಪೈಲಟ್‌ಗಳು ಅದರಲ್ಲಿ ಕಲಿತರು.

"ಸಾಯುವ ಭಯವಿಲ್ಲದ ಹಾರಾಟ ಹಾರಾಟವೇ?" ಎಂದು ಕೆಲವರು ಕೇಳಬಹುದು. ಪ್ರಶ್ನೆ ನ್ಯಾಯವಾದುದು. ಗುಂಡಿ ಒತ್ತಿದರೆ ಮತ್ತೆ ಬದುಕುವ ವಿಮಾನ ಯಾರನ್ನೂ ಪೈಲಟ್ ಮಾಡುವುದಿಲ್ಲ. 2008ರ ಅಕ್ಟೋಬರ್ 8ರಂದು ಇದೇ ಲುಕ್ಲಾದಲ್ಲಿ ಮಂಜಿನ ನಡುವೆ ಇಳಿಯಹೊರಟ ಟ್ವಿನ್ ಆಟರ್ ಅಪಘಾತದಲ್ಲಿ 18 ಜನ ತೀರಿಕೊಂಡರು. ನಮ್ಮ ಅರುಣಾಚಲದ ಮೆಚುಕಾಗೆ ಹೊರಟಿದ್ದ ವಾಯುಪಡೆಯ ಎಎನ್-32 ವಿಮಾನ 2019ರ ಜೂನ್ 3ರಂದು ಬೆಟ್ಟಕ್ಕೆ ಬಡಿದು 13 ಮಂದಿ ಯೋಧರು ಮಡಿದರು. ಅವರಿಗೆ ಮರುಹುಟ್ಟಿನ ಗುಂಡಿ ಇರಲಿಲ್ಲ. ಇದನ್ನು ಮರೆತು, ಬೇಕೆಂದೇ ವಿಮಾನ ಬೀಳಿಸಿ ಅದರ ವಿಡಿಯೋ ಹಾಕಿ ನಗುವವರ ಮೇಲೆ ನನಗೆ ಜರಿಯುವವರ ಮೇಲಿರುವುದಕ್ಕಿಂತ ಹೆಚ್ಚು ಸಿಟ್ಟಿದೆ. ಸಿಮ್ಯುಲೇಟರಿನಲ್ಲಿ ಕಲಿಯಬೇಕಾದ ಅತಿ ದೊಡ್ಡ ವಿದ್ಯೆ ಇಳಿಯುವುದಲ್ಲ. ಮೋಡ ಕಂಡಾಗ, ಇನ್ನೂ ಜಾಗವಿರುವಾಗಲೇ, ಹಿಂದಿರುಗುವುದು. ಅದನ್ನು ಕಲಿಸಲು ಪಕ್ಕದಲ್ಲಿ ಹಿರಿಯರೊಬ್ಬರು ಕುಳಿತಿರಬೇಕು. ಜರಿಯುವವರು ಮಾಡಬಹುದಾದ ಕೆಲಸ ಇದೇ.

"ನಮ್ಮಂಥವರಿಗೆ ವಿಮಾನವೇಕೆ?" ಎಂಬ ಮಾತು ಎಲ್ಲಕ್ಕಿಂತ ಅಪಾಯಕರ. ನೆರೆಯ ಹಾಸನ ಜಿಲ್ಲೆಯ ಗೊರೂರಿನಲ್ಲಿ ಬೆಳೆದು, ಬೇಸಾಯ ಮಾಡಿದ ಕ್ಯಾಪ್ಟನ್ ಗೋಪಿನಾಥ್ ಅವರೇ 2003ರಲ್ಲಿ ಏರ್ ಡೆಕ್ಕನ್ ಆರಂಭಿಸಿ ಸಾಮಾನ್ಯರನ್ನು ವಿಮಾನ ಹತ್ತಿಸಿದರು. ಬೆಂಗಳೂರಿನಲ್ಲಿ ಕೇಂದ್ರ ಕಚೇರಿಯಿರುವ ಎಚ್‌ಎಎಲ್ ತಯಾರಿಸಿದ ಡಾರ್ನಿಯರ್ 228 ವಿಮಾನ 2022ರ ಏಪ್ರಿಲ್‌ನಲ್ಲಿ ಅರುಣಾಚಲದ ಪಾಸಿಘಾಟ್‌ಗೆ ಪ್ರಯಾಣಿಕರನ್ನು ಒಯ್ದಿತು. ರಸ್ತೆ ಕುಸಿದ ಬೆಟ್ಟದೂರಿಗೆ ಔಷಧವನ್ನೂ ಅಕ್ಕಿಯನ್ನೂ ಮುಟ್ಟಿಸುವುದು ಇಂಥ ಪುಟ್ಟ ವಿಮಾನಗಳೇ. ಅವನ್ನು ರೂಪಿಸುವವರು, ದುರಸ್ತಿ ಮಾಡುವವರು, ನಡೆಸುವವರು ಮದ್ದೂರಿನ ಹೆಣ್ಣುಮಕ್ಕಳೂ ಮಳವಳ್ಳಿಯ ಗಂಡುಮಕ್ಕಳೂ ಏಕಾಗಬಾರದು?

ಹಣದ ನೆವವೂ ಬೇಡ. ಫ್ಲೈಟ್‌ಗೇರ್ ಎಂಬ ಸಿಮ್ಯುಲೇಟರನ್ನು ಜಗತ್ತಿನ ಸ್ವಯಂಸೇವಕರು 1997ರಿಂದ ಬೆಳೆಸುತ್ತ ಬಂದಿದ್ದಾರೆ. ಅದು ಉಚಿತ, ಹಂಚಲೂ ಅಡ್ಡಿಯಿಲ್ಲ, ಟ್ವಿನ್ ಆಟರ್ ಕೂಡ ಅದರಲ್ಲಿ ಸಿಗುತ್ತದೆ. ಕಂಪ್ಯೂಟರ್ ಕೊಠಡಿಗೆ ಬೀಗ ಜಡಿದು, ಹಾಳಾಗದಿರಲೆಂದು ಯಂತ್ರಗಳಿಗೆ ಬಟ್ಟೆ ಹೊದಿಸಿಟ್ಟ ಶಾಲೆಗಳನ್ನು ನಾನು ಕಂಡಿದ್ದೇನೆ. ಬಳಸದೆ ತುಕ್ಕು ಹಿಡಿದ ನೇಗಿಲನ್ನು ಯಾವ ರೈತನೂ 'ಜೋಪಾನವಾಗಿದೆ' ಎನ್ನುವುದಿಲ್ಲ.

ವಾರಕ್ಕೊಂದು ಅವಧಿ ಸಾಕು. ಭೌತಶಾಸ್ತ್ರದ ಅಧ್ಯಾಪಕರು ಗಾಳಿಯ ಲೆಕ್ಕವನ್ನೂ, ಭೂಗೋಳದವರು ಬೆಟ್ಟ ಕಣಿವೆಗಳನ್ನೂ ಹೇಳಿಕೊಡಲಿ. ಮನೆಗಳಲ್ಲಿ ತಂದೆತಾಯಂದಿರು ಹೊತ್ತಿಗೆ ಮಿತಿ ಹಾಕಲಿ, ಆದರೆ ಒಂದು ಸಲ ಪಕ್ಕದಲ್ಲಿ ಕುಳಿತು, "ಎಲ್ಲಿ ಇಳಿಸ್ತಿದ್ದೀಯಪ್ಪ? ಯಾಕೆ ಅಷ್ಟು ಕಷ್ಟ?" ಎಂದು ಕೇಳಲಿ. ಮಗು ವಿವರಿಸಿ ಹೇಳಿದರೆ ಅದು ವಿದ್ಯೆ. ಹೇಳಲಾಗದಿದ್ದರೆ, ಆಗ ಬೇಕಾದರೆ ಆಟವೆಂದು ಕರೆಯಿರಿ.